ಎಡ ಅಂಚಿನ ಮುಖ

1986ರ ನವೆಂಬರ್ 12, ಬುಧವಾರ, ಬೆಳಗ್ಗೆ ಹತ್ತೂವರೆಗೆ ನಮ್ಮ ಪತ್ರಿಕಾ ಕಚೇರಿಯ ಕೆಳಮಹಡಿಯಲ್ಲಿ ಯುದ್ಧದ ಛಾಯಾಚಿತ್ರಗಳ ಪ್ರದರ್ಶನ ತೆರೆಯಿತು. ಚಿತ್ರಗಳೆಲ್ಲ ಒಬ್ಬರವೇ. ಅವರಿಗೆ ಕಚೇರಿಯಲ್ಲಿ ಅಂಚಪ್ಪ ಎಂಬ ಅಡ್ಡಹೆಸರು. ಎದುರಿಗೂ ಹಾಗೆಯೇ ಕರೆಯುತ್ತಿದ್ದೆವು, ಅವರು ಬೇಸರಪಟ್ಟುಕೊಂಡದ್ದಿಲ್ಲ. ತಾವು ತೆಗೆದ ಚಿತ್ರದ ಅಂಚನ್ನು ಕೂದಲೆಳೆಯಷ್ಟೂ ಯಾರೂ ಕತ್ತರಿಸಬಾರದು ಎಂಬುದು ಅವರ ಹಟ. ಅದಕ್ಕಾಗಿ, ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರ್ ಯಂತ್ರದಲ್ಲಿ ನೆಗೆಟಿವ್ ಹಿಡಿದಿಡುವ ತಗಡಿನ ಚೌಕಟ್ಟನ್ನು ಅವರೇ ಅರದಿಂದ ನಾಲ್ಕೂ ಕಡೆ ಉಜ್ಜಿ ಅಗಲ ಮಾಡಿಟ್ಟಿದ್ದರು. ಹಾಗೆ ಮಾಡಿದಾಗ ಚಿತ್ರದ ಆಚೆಯ ಖಾಲಿ ಫಿಲ್ಮಿಗೂ ಬೆಳಕು ಬಿದ್ದು, ಮುದ್ರಿಸಿದ ಹಾಳೆಯ ಮೇಲೆ ಚಿತ್ರದ ಸುತ್ತ ಒರಟಾದ ಕಪ್ಪು ಗೆರೆ ಮೂಡುತ್ತದೆ. ಆ ಗೆರೆ ಇದ್ದರೆ ಕ್ಯಾಮೆರಾ ಕಂಡದ್ದೆಲ್ಲ ಒಳಗಿದೆ, ಯಾವುದನ್ನೂ ಬಿಟ್ಟಿಲ್ಲ ಎಂದರ್ಥ. ಸಹಿ ಹಾಕುವ ಬದಲು ಪ್ರಮಾಣ ಮಾಡಿದ ಹಾಗೆ.

ನಾನು ಕತ್ತಲಕೋಣೆಯವನು. ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದವನಿಗೆ ಪತ್ರಿಕೆಯಲ್ಲಿ ಸಿಗಬಹುದಾದ ಕೆಲಸ ಅದೊಂದೇ. ಅಂಚಪ್ಪ ನನ್ನನ್ನು ಕೆಮಿಸ್ಟ್ರಿ ಎಂದು ಕರೆಯುತ್ತಿದ್ದರು. ಗಡಿಯಿಂದ ಅವರು ಕಳಿಸುವ ಫಿಲ್ಮ್ ಸುರುಳಿಗಳನ್ನು ಸಂಸ್ಕರಿಸಿ, ಒಂದು ಸುರುಳಿಯ ಚಿತ್ರಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಅಂಚೆಚೀಟಿಯ ಗಾತ್ರದಲ್ಲಿ ಮುದ್ರಿಸುವುದು ನನ್ನ ಕೆಲಸ. ಪತ್ರಿಕೆ ಓದುವವರಿಗೆ ಒಂದು ಚಿತ್ರ ಕಾಣುತ್ತದೆ. ನನಗೆ ಅದರ ಹಿಂದುಮುಂದಿನವೆಲ್ಲ ಕಾಣುತ್ತಿದ್ದವು.

ಆ ಹಾಳೆಗಳಲ್ಲಿ ಅವರ ಹೆಜ್ಜೆಗಳಿದ್ದವು. ದೂರದಿಂದ ಒಂದು ಚಿತ್ರ, ಹತ್ತಿರ ಬಂದು ಇನ್ನೊಂದು. ದಿಗಂತ ನಿಂತವರ ಕುತ್ತಿಗೆಯಿಂದ ಸೊಂಟಕ್ಕೆ ಇಳಿದಿದ್ದರೆ ಅಂಚಪ್ಪ ಮೊಣಕಾಲೂರಿದ್ದಾರೆ. ಬರೀ ಮಣ್ಣು, ವಾಲಿದ ಆಕಾಶ ಬಂದಿದ್ದರೆ ನೆಲಕ್ಕೆ ಬಿದ್ದಿದ್ದಾರೆ. ಅದರ ಮುಂದಿನ ಚಿತ್ರದಲ್ಲೇ ದಿಗಂತ ಮತ್ತೆ ಗೆರೆ ಎಳೆದಷ್ಟು ನೇರ, ಬೆಳಕಿನ ಅಳತೆ ಕರಾರುವಾಕ್ಕು. ಶೆಲ್ಲಿನ ಸದ್ದು ಇನ್ನೂ ಕಿವಿಯಲ್ಲಿರುವಾಗ ಬೆರಳು ಲೆನ್ಸಿನ ಉಂಗುರವನ್ನು ಅರ್ಧ ಗುರುತಿನಷ್ಟು ತಿರುಗಿಸಿದೆ. ನಾನಾಗಿದ್ದರೆ ಕ್ಯಾಮೆರಾ ಬಿಸಾಕಿ ಓಡುತ್ತಿದ್ದೆ. ಜನ ಇದನ್ನು ಧೈರ್ಯ ಎನ್ನುತ್ತಾರೆ. ನಾನು ಮೆಚ್ಚಿದ್ದು ಧೈರ್ಯವನ್ನಲ್ಲ, ಅದರ ನಡುವೆಯೂ ಕೈ ತಪ್ಪದ ಶಿಸ್ತನ್ನು.

ಪ್ರದರ್ಶನದ ಮುಖ್ಯ ಚಿತ್ರ ಬಾಗಿಲಿನ ಎದುರಿನ ಗೋಡೆಯ ಮೇಲಿತ್ತು. ತೊಂಬತ್ತು ಸೆಂಟಿಮೀಟರ್ ಅಗಲ. ಪತ್ರಿಕೆಯವರೆಂದು ಎದುರಿನವರು ಒಳಗೆ ಬಿಟ್ಟಿದ್ದಾಗ ತೆಗೆದದ್ದು. ಮುರಿದ ಬಾಗಿಲೊಂದರ ಮೇಲೆ ಶತ್ರುಪಕ್ಷದ ಕಾವಲಿನವನು ಕುಳಿತು ಬೂಟಿನ ಲೇಸ್ ಕಟ್ಟಿಕೊಳ್ಳುತ್ತಿದ್ದಾನೆ. ಬಂದೂಕು ಪಕ್ಕದ ನೆಲದ ಮೇಲಿದೆ. ಹಿಂದೆ ಸೆರೆಸಿಕ್ಕ ನಮ್ಮ ಸೈನಿಕರ ಸಾಲು, ಮಣ್ಣಿನಲ್ಲಿ ಕುಕ್ಕರುಬಡಿದಿದೆ. ಯಾರೂ ಬಂದೂಕನ್ನು ನೋಡುತ್ತಿಲ್ಲ. ಲೇಸಿನ ಗಂಟು ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಉಳಿದಿಲ್ಲ ಎಂಬಂತೆ ಎಲ್ಲರ ಕಣ್ಣೂ ಅವನ ಬೆರಳುಗಳ ಮೇಲಿದೆ. ಸೋಲು ಎಂದರೆ ಏನೆಂದು ನನಗೆ ಯಾವ ಪುಸ್ತಕವೂ ಅಷ್ಟು ಚೊಕ್ಕವಾಗಿ ಹೇಳಿಲ್ಲ. ಹದಿಮೂರು ತಿಂಗಳ ಹಿಂದೆ ಪತ್ರಿಕೆಯಲ್ಲಿ ಬಂದಾಗ ಜಾಹೀರಾತಿಗೆ ಜಾಗ ಸಾಲದೆಂದು ಅದರ ಎಡಗಡೆಯನ್ನು ಎರಡು ಬೆರಳಿನಷ್ಟು ಕತ್ತರಿಸಿದ್ದರು. ಆ ಸಿಟ್ಟಿಗೆ ಅಂಚಪ್ಪ ಸಂಪಾದಕರ ಜೊತೆ ಮಾತು ಬಿಟ್ಟಿದ್ದರು. ಚಿತ್ರ ಪೂರ್ತಿಯಾಗಿ ಹೊರಗೆ ಬಂದದ್ದು ಈಗಲೇ.

ಆ ಎಡ ಅಂಚಿನ ಮುಂದೆ ಇಬ್ಬರು ಹೆಂಗಸರು ಬಂದು ನಿಂತರು, ಅತ್ತೆ ಮತ್ತು ಸೊಸೆ. ಉಳಿದವರು ಎರಡು ಹೆಜ್ಜೆ ಹಿಂದೆ ನಿಂತು ತಲೆ ವಾಲಿಸಿ ನೋಡುತ್ತಿದ್ದರೆ, ಅತ್ತೆ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ್ದಳು. ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ಸೊಸೆ ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ವಿಭಾಗದವಳು, ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆಗ ಕೇಳಿಸಿದ್ದು ಒಂದೇ ಮಾತು.

“ನೋಡೇ, ಹುಬ್ಬು. ನೋಡು.”

ಸಾಲಿನ ಕೊನೆಯಲ್ಲಿ, ಕಪ್ಪು ಗೆರೆಗೆ ಒತ್ತಿಕೊಂಡಂತೆ, ಅರ್ಧ ತಿರುಗಿದ ಒಂದು ಮುಖವಿತ್ತು. ಅದರ ಎಡ ಹುಬ್ಬಿನ ಮೇಲೆ ಓರೆಯಾದ ಬಿಳಿ ಗೀಟು. ಮುದುಕಿಯ ಮಗನಿಗೆ ಐದು ವರ್ಷವಿದ್ದಾಗ ಬಾಗಿಲಿನ ಚಿಲಕಕ್ಕೆ ಬಿದ್ದು ಎಡ ಹುಬ್ಬು ಸೀಳಿತ್ತಂತೆ. ತಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿ, ಹೊಲಿಗೆ ಹಾಕುವಾಗ ತಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳಂತೆ. ಆ ಜಾಗದಲ್ಲಿ ಮತ್ತೆ ಕೂದಲು ಬರಲಿಲ್ಲ. ಮಗ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಯುದ್ಧಕ್ಕೆ ಕರೆ ಬಂದು ಹೋದ. ಹೋದ ವರ್ಷ ಅಕ್ಟೋಬರಿನಿಂದ ಸುದ್ದಿಯಿಲ್ಲ.

ಕೈದಿಗಳ ವಿನಿಮಯದ ಮಾತುಕತೆ ಆಗ ನಡೆಯುತ್ತಿತ್ತು. ಜೀವಂತವಾಗಿ ಸೆರೆಸಿಕ್ಕಿದ್ದಕ್ಕೆ ಸಾಕ್ಷಿ ಇರುವವರ ಹೆಸರನ್ನಷ್ಟೇ ಎದುರಿನವರ ಮುಂದಿಟ್ಟು ಕೇಳುತ್ತೇವೆ, ಉಳಿದವರನ್ನು ಸತ್ತವರ ಲೆಕ್ಕಕ್ಕೆ ಸೇರಿಸುತ್ತೇವೆ ಎಂದು ಕಾಣೆಯಾದವರ ಕಚೇರಿಯ ಅಧಿಕಾರಿ ಈ ಮನೆಗೂ ಹೇಳಿ ಕಳಿಸಿದ್ದ. ಒಂದು ಸಾಕ್ಷಿಗೆ ಒಂದೇ ಹೆಸರು, ಅದನ್ನೂ ಒಂದೇ ಸಲ ಕೇಳಲು ಅವಕಾಶ. ಆ ಬಿಳಿ ಗೀಟು ಈಗ ಅವರ ಸಾಕ್ಷಿ.

ಅಂಚಪ್ಪನವರನ್ನು ಕರೆದುಕೊಂಡು ಬಂದೆ. ಹೊಗಳುವವರ ಗುಂಪಿನಿಂದ ಬಿಡಿಸಿ ತರಬೇಕಾಯಿತು. ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀನೇನಪ್ಪಾ ತೆಗೆದಿದ್ದು?”

“ಹೌದಮ್ಮಾ.”

“ಇವನ ಹತ್ರ ಮಾತಾಡಿದ್ಯಾ?”

“ಇಲ್ಲ.”

“ಹೇಗಿದ್ದ? ನೋಡಿದ್ಯಲ್ಲ, ಅದನ್ನಾದ್ರೂ ಹೇಳು.”

ಅಂಚಪ್ಪ ಸುಳ್ಳು ಹೇಳುವುದನ್ನು ಕಲಿತವರಲ್ಲ. “ಇವನನ್ನ ನೋಡ್ಲಿಲ್ಲಮ್ಮಾ ನಾನು,” ಎಂದರು.

“ನೋಡದೆ ಫೋಟೋ ತೆಗೆಯಕ್ಕಾಗುತ್ತೇನಪ್ಪಾ?”

“ಆಗುತ್ತೆ. ನಾನು ಲೇಸ್ ನೋಡ್ತಿದ್ದೆ.”

ಮುದುಕಿ ಸೊಸೆಯತ್ತ ತಿರುಗಿ, ಕುತ್ತಿಗೆಗೆ ಇಷ್ಟು ದೊಡ್ಡ ಗಾಜಿನ ಕಣ್ಣು ನೇತುಹಾಕಿಕೊಂಡು ಅಷ್ಟು ದೂರ ಹೋಗಿ ಬೂಟಿನ ದಾರ ನೋಡಿಕೊಂಡು ಬಂದಿದ್ದಾನೆ ನೋಡೇ, ಎಂದಳು. ಪಕ್ಕದಲ್ಲಿದ್ದ ಯಾರೋ ನಕ್ಕರು. ಅಂಚಪ್ಪನವರೂ ನಗಲು ನೋಡಿದರು, ಆಗಲಿಲ್ಲ. ಸೊಸೆ ಮೊದಲ ಬಾರಿ ಬಾಯಿ ತೆರೆದು, ಇವರನ್ನೆಲ್ಲ ಆಮೇಲೆ ಎಲ್ಲಿಗೆ ಕರೆದುಕೊಂಡು ಹೋದರೆಂದು ಕೇಳಿದಳು. ಹಳೇ ಗಣಿಯ ಕಡೆ ನಡೆಸಿಕೊಂಡು ಹೋದರು ಎಂದರು ಅಂಚಪ್ಪ. ಅದೇ ಸಂಜೆ ಆ ರಸ್ತೆಯ ಮೇಲೆ ಶೆಲ್ ಬಿದ್ದದ್ದನ್ನೂ ಹೇಳಿದರು. ಯಾರ ಶೆಲ್ ಎಂದು ಅವಳು ಕೇಳಲಿಲ್ಲ.

ಆ ಮುಖವೊಂದನ್ನೇ ದೊಡ್ಡದು ಮಾಡಿಕೊಡಿ, ಅಧಿಕಾರಿಗೆ ತೋರಿಸಬೇಕು ಎಂದು ಅತ್ತೆ ಕೇಳಿದಾಗ ನಾನು ಅಂಚಪ್ಪನವರ ಮುಖ ನೋಡಿದೆ. ಒಂದು ಮುಖ ಮಾತ್ರ ಬೇಕೆಂದರೆ ಉಳಿದ ಚಿತ್ರವನ್ನೆಲ್ಲ ಕತ್ತರಿಸಬೇಕು. ಸಂಪಾದಕರಿಗೆ ಎರಡು ಬೆರಳು ಬಿಟ್ಟುಕೊಡದವರು ಒಂದು ಕ್ಷಣವೂ ಯೋಚಿಸದೆ, “ಕತ್ತರಿಸಿ ಕೊಡು ಕೆಮಿಸ್ಟ್ರಿ,” ಎಂದರು.

ಕತ್ತಲಕೋಣೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ಮುದುಕಿ ಕೇಳಲಿಲ್ಲ. ತನ್ನ ಮಗ ಹುಟ್ಟಿದ್ದನ್ನು ನೋಡಿದವಳು ಅವನ ಫೋಟೋ ಹುಟ್ಟುವುದನ್ನು ನೋಡಬಾರದಂತಾ, ಎಂದು ನನ್ನ ಹಿಂದೆಯೇ ಒಳಗೆ ಬಂದಳು. ಅಂಚಪ್ಪ ಹೊರಗೇ ಉಳಿದರು. ಕೆಂಪು ದೀಪ ಹಾಕಿ ಬಾಗಿಲು ಮುಚ್ಚಿದೆ. ತಟ್ಟೆಯಲ್ಲಿದ್ದ ಹೈಪೋ ದ್ರಾವಣದ ವಾಸನೆಗೆ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅತ್ತೆಗೆ ಆಸ್ಪತ್ರೆಯ ಅಭ್ಯಾಸ, ಏನೂ ಅನ್ನಿಸಿದಂತಿರಲಿಲ್ಲ.

ಮುಖ ಅಷ್ಟು ಚಿಕ್ಕದಾಗಿದ್ದರಿಂದ ಎನ್‌ಲಾರ್ಜರಿನ ತಲೆಯನ್ನು ಹಿಂದಕ್ಕೆ ತಿರುಗಿಸಿ ಬೆಳಕನ್ನು ನೆಲದವರೆಗೂ ಇಳಿಸಬೇಕಿತ್ತು. ಯಾವ ಚಿತ್ರ ಮುದ್ರಿಸುವ ಮೊದಲೂ ನಾನು ನೆಗೆಟಿವ್ ಹೊರತೆಗೆದು, ಗಾಳಿ ಊದುವ ರಬ್ಬರ್ ಬಲ್ಬಿನಿಂದ ಎರಡೂ ಬದಿ ಊದಿ, ಮೆತ್ತನೆಯ ಬ್ರಷ್ಷಿನಿಂದ ಚೌಕಟ್ಟಿನ ಅಂಚನ್ನು ಒರೆಸುತ್ತೇನೆ. ಅಂದೂ ಹಾಗೆಯೇ ಮಾಡಿದೆ. ನೆಲದ ಮೇಲೆ ಕಾಗದ ಹರಡಿ ಬೆಳಕು ಬಿಟ್ಟೆ. ಆಮೇಲೆ ಕಾಗದವನ್ನು ಡೆವಲಪರ್ ತಟ್ಟೆಯಲ್ಲಿ ಮುಳುಗಿಸಿ ಅಲುಗಿಸತೊಡಗಿದೆ.

ಇಬ್ಬರೂ ತಟ್ಟೆಯ ಮೇಲೆ ಬಗ್ಗಿದರು. ಮೊದಲು ಕೂದಲಿನ ಕಪ್ಪು ಬಂತು, ಆಮೇಲೆ ಕಣ್ಣಿನ ಗುಳಿ, ಗದ್ದದ ನೆರಳು. ಕೋಟಿನ ಗುಂಡಿಯಷ್ಟು ಮುಖ, ಮರಳಿನಲ್ಲಿ ಬರೆದಂತೆ ಕಣ ಕಣವಾಗಿ. ಹುಬ್ಬು ಮೂಡಿತು. ಇಡಿಯಾಗಿ ಮೂಡಿತು.

ಕಾಗದ ಇನ್ನೂ ಕಪ್ಪಾಗುವುದರೊಳಗೆ ಎತ್ತಿ ಮುಂದಿನ ತಟ್ಟೆಗೆ ಹಾಕಬೇಕಿತ್ತು. ಹಾಕಿದೆ.

“ಅಳಿಸಿಬಿಟ್ಯಲ್ಲಪ್ಪಾ,” ಎಂದಳು ಮುದುಕಿ.

ನನಗೆ ಆ ಹೊತ್ತಿಗೆ ಅರ್ಥವಾಗಿತ್ತು. ಬ್ರಷ್ಷನ್ನು ಕೆಂಪು ದೀಪದ ಹತ್ತಿರ ಹಿಡಿದು ನೋಡಿದೆ. ತಗಡು ಒರೆಸುವ ಬಟ್ಟೆಯ ಒಂದು ಎಳೆ ಅದರ ತುದಿಯಲ್ಲಿತ್ತು. ಅರದಿಂದ ಉಜ್ಜಿದ ತಗಡಿನ ಅಂಚು ಎಷ್ಟು ನಯ ಮಾಡಿದರೂ ಗರಗರ ಎನ್ನುತ್ತದೆ, ಬಟ್ಟೆಯ ಎಳೆ ಕಚ್ಚಿಕೊಳ್ಳುತ್ತದೆ. ಪ್ರದರ್ಶನಕ್ಕೆ ಮುದ್ರಿಸುವಾಗ ಬ್ರಷ್ಷಿಗೆ ಸಿಗದೆ ಆ ಎಳೆ ಒಳಕ್ಕೆ ಚಾಚಿ ನೆಗೆಟಿವ್‌ನ ಎಡ ಅಂಚಿನ ಮುಖದ ಮೇಲೆ ಮಲಗಿತ್ತು. ಎಳೆ ಬೆಳಕನ್ನು ತಡೆದ ಕಡೆ ಕಾಗದ ಬೆಳ್ಳಗೆ ಉಳಿಯುತ್ತದೆ. ಅಂಥ ಬಿಳಿ ಗುರುತುಗಳನ್ನು ಸಣ್ಣ ಕುಂಚದಿಂದ ಮುಚ್ಚುವುದಕ್ಕೆಂದೇ ನಮ್ಮಲ್ಲಿ ಒಬ್ಬಾಕೆ ಇದ್ದಾಳೆ, ನಾವು ಚುಕ್ಕಿ ಅಕ್ಕ ಎನ್ನುತ್ತೇವೆ. ಆದರೆ ಅಂಚಪ್ಪನವರ ಚಿತ್ರಗಳಲ್ಲಿ ಅವಳು ಆಕಾಶ, ಗೋಡೆ, ನೆಲ ಇಷ್ಟನ್ನೇ ಮುಟ್ಟಬಹುದು. ಮುಖದ ಮೇಲೆ ಕುಂಚ ಆಡಿಸಿದರೆ ಅದು ಯುದ್ಧದ ಚಿತ್ರವಲ್ಲ, ಮದುವೆಯ ಚಿತ್ರ ಎಂದು ಅವರು ಮೊದಲೇ ಕಟ್ಟುನಿಟ್ಟು ಮಾಡಿದ್ದರು. ಗೀಟು ಮುಖದ ಮೇಲಿತ್ತು. ಅಕ್ಕ ಅದನ್ನು ಗಾಯವೆಂದೇ ತಿಳಿದು ಮುಟ್ಟದೆ ಬಿಟ್ಟಿದ್ದಳು.

ಸುಳ್ಳು ನುಸುಳಬಾರದೆಂದು ಮಾಡಿಕೊಂಡ ಎರಡು ಕಟ್ಟುಪಾಡುಗಳು ಸೇರಿ ಆ ಗೀಟನ್ನು ಹುಟ್ಟಿಸಿದ್ದವು. ಇದನ್ನು ನಾನು ಆದಷ್ಟು ಸರಳವಾಗಿ, ಬ್ರಷ್ಷಿನ ತುದಿಯ ಎಳೆಯನ್ನು ತೋರಿಸಿ ಹೇಳಿದೆ. ಮುದುಕಿ ಪೂರ್ತಿ ಕೇಳಿಸಿಕೊಂಡಳು.

“ನಿಮ್ಮ ಧೂಳು ಬಂದು ನನ್ನ ಮಗನ ಹುಬ್ಬಿನ ಮೇಲೇ ಕೂತ್ಕೊಳ್ತಾ? ಇಷ್ಟು ದೊಡ್ಡ ಫೋಟೋದಲ್ಲಿ ಅದಕ್ಕೆ ಬೇರೆ ಜಾಗ ಸಿಗ್ಲಿಲ್ವಾ?”

ಬೇರೆ ಜಾಗಗಳಲ್ಲಿಯೂ ಧೂಳು ಕೂತಿತ್ತು, ಅಲ್ಲಿಗೆ ಯಾರೂ ಹುಡುಕಿಕೊಂಡು ಬಂದಿರಲಿಲ್ಲ.

ಮತ್ತೆ ಮೊದಲಿನ ಥರವೇ ಮಾಡಿಕೊಡು ಎಂದು ಅವಳು ಕೇಳಿದಳು. ಗೋಡೆಯ ಮೇಲಿರುವುದನ್ನು ಕೊಟ್ಟರೂ ಸಾಕು, ಅದು ಸುಳ್ಳೇನಲ್ಲವಲ್ಲ, ನೀವೇ ತೂಗುಹಾಕಿದ್ದು ಎಂದಳು. ಸೊಸೆ ಅತ್ತೆಯ ರಟ್ಟೆ ಹಿಡಿದು, “ಬನ್ನಿ ಅತ್ತೆ, ಹೊರಗೆ ಕೂತ್ಕೊಳ್ಳೋಣ,” ಎಂದಳು. ಬಾಗಿಲ ಹತ್ತಿರ ನಿಂತು, ಉಳಿದ ಚಿತ್ರಗಳಲ್ಲಿ ನೋಡಿದ್ದೀರಾ ಎಂದು ನನ್ನನ್ನು ಕೇಳಿದಳು. ಆ ಸುರುಳಿಯ ಹಾಳೆಯನ್ನು ಭೂತಗನ್ನಡಿಯ ಕೆಳಗೆ ಮೂವರೂ ನೋಡಿದೆವು. ಹಿಂದಿನ ಚಿತ್ರದಲ್ಲಿ ಅವನು ಇನ್ನೊಬ್ಬನ ಹೆಗಲ ಮರೆಯಲ್ಲಿದ್ದ. ಮುಂದಿನದರಲ್ಲಿ ಸಾಲು ಎದ್ದು ಹೊರಟಿತ್ತು, ಬರೀ ಬೆನ್ನುಗಳು.

ಮರುದಿನದಿಂದ ಪ್ರದರ್ಶನಕ್ಕೆ ಬೇರೆ ಥರದ ಜನ ಬರತೊಡಗಿದರು. ಫೋಟೋದಲ್ಲಿ ಮಗ ಸಿಕ್ಕಿದ ಸುದ್ದಿ ಊರಿನಲ್ಲಿ ಹರಡಿತ್ತು, ಗೀಟು ಹೋದ ಸುದ್ದಿ ಹರಡಿರಲಿಲ್ಲ. ಬಂದವರು ಕಾವಲಿನವನನ್ನೂ ಲೇಸನ್ನೂ ನೋಡದೆ ಸಾಲಿನ ಮುಖಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಾ ಹೋಗುತ್ತಿದ್ದರು. ಸಂಜೆ ಗಾಜು ಒರೆಸುವಾಗ ಕೆಳಗಿನ ಅರ್ಧ ಬೆರಳಚ್ಚುಗಳಿಂದ ಮಬ್ಬಾಗಿರುತ್ತಿತ್ತು. ಹತ್ತಿರದ ಮುಖಗಳು ಸ್ಪಷ್ಟವಾಗಿದ್ದವು, ಅವುಗಳನ್ನು ಯಾರೂ ತಮ್ಮವರೆನ್ನಲಿಲ್ಲ. ಎಡ ಅಂಚಿನ ಮಸುಕು ಮುಖವನ್ನು ಮಾತ್ರ ಇನ್ನೂ ಮೂರು ಮನೆಯವರು ತಮ್ಮವನೆಂದರು. ಒಬ್ಬರಿಗೆ ಅವನು ಕತ್ತು ವಾಲಿಸುವ ರೀತಿ ಸಾಕಾಯಿತು, ಒಬ್ಬರಿಗೆ ಕಿವಿ. ಇನ್ನೊಬ್ಬಳು, ತನ್ನ ತಮ್ಮ ಬೇಜಾರಾದಾಗ ಕೂರುತ್ತಿದ್ದುದೇ ಹೀಗೆ ಎಂದಳು.

ವಾರದ ಕೊನೆಗೆ ಅಧಿಕಾರಿ ಫೋನ್ ಮಾಡಿದ. ಒಂದು ಮುಖಕ್ಕೆ ನಾಲ್ಕು ಮನೆ ಬಂದು ಕೂತಿವೆ, ಹುಬ್ಬಿನ ಗಾಯ ಹೇಳುವವರು ಒಬ್ಬರೇ, ಅದು ನಿಜವಾಗಿದ್ದರೆ ಆ ಮನೆಯ ಹೆಸರನ್ನು ಕೇಳುತ್ತೇವೆ ಎಂದ. ಚಿತ್ರ ಮುದ್ರಿಸಿದವರು ನೀವಂತೆ, ಗಾಯ ಇದೆಯೋ ಇಲ್ಲವೋ ಎರಡು ಸಾಲು ಬರೆದು ಕಳಿಸಿ ಎಂದ.

ಅಂದು ಮಧ್ಯಾಹ್ನ ಅಂಚಪ್ಪ ಕತ್ತಲಕೋಣೆಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಬಹಳ ಹೊತ್ತು ಫಿಲ್ಮ್ ಒಣಗುವುದನ್ನೇ ನೋಡುತ್ತಿದ್ದರು.

“ಗಾಯ ಅಂತಲೇ ಬರಿ,” ಎಂದರು.

ಹಾಗೆ ಬರೆದರೆ ಉಳಿದ ಮೂರು ಮನೆಯವರನ್ನು ನಾನೇ ಕೈಯಾರೆ ಹೊರಗಟ್ಟಿದಂತಾಗುತ್ತದೆ, ಅವನು ಆ ಮೂವರಲ್ಲಿ ಒಬ್ಬನಾಗಿದ್ದರೆ ಅವನನ್ನು ಇನ್ನು ಯಾರೂ ಕೇಳುವುದಿಲ್ಲ ಎಂದೆ. ಅವರು ಅದನ್ನೂ ಯೋಚಿಸಿದ್ದರು. ವಾದ ಮಾಡಲಿಲ್ಲ.

“ನಾಲ್ಕು ಹೆಜ್ಜೆ ಮುಂದೆ ಹೋಗಿ ಎಡಕ್ಕೆ ತಿರುಗಿದ್ರೆ ಮುಖ ಸಿಗ್ತಿತ್ತು ಕಣಯ್ಯಾ,” ಎಂದರು. “ಜಾಗ ಇತ್ತು. ಯಾರೂ ತಡೀತಿರ್ಲಿಲ್ಲ. ಆದ್ರೆ ಆಗ ಇದು ಚಿತ್ರ ಆಗ್ತಿರ್ಲಿಲ್ಲ.”

ಅವರು ಹೇಳಿದ್ದು ಸರಿ. ಆ ಹಾಳೆಯನ್ನು ನಾನು ಅವರಿಗಿಂತ ಹೆಚ್ಚು ಸಲ ನೋಡಿದ್ದೇನೆ. ಅವರು ನಿಂತ ಜಾಗ ಬಿಟ್ಟು ಬೇರೆಲ್ಲಿ ನಿಂತಿದ್ದರೂ ಬಂದೂಕು, ಲೇಸು, ಆ ಅಷ್ಟೂ ಕಣ್ಣುಗಳು ಒಂದೇ ಚೌಕಟ್ಟಿಗೆ ಬರುತ್ತಿರಲಿಲ್ಲ. ಈಗಲೂ ಆ ಚಿತ್ರದ ಮುಂದೆ ನಿಂತರೆ ನನ್ನ ಮೆಚ್ಚುಗೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗಿದ್ದರೆ ಸಮಾಧಾನವಾಗುತ್ತಿತ್ತೋ ಏನೋ.

ನಾನು ಓದಿದ ಕಾಲೇಜಿನಿಂದ ಅಳತೆಯ ಗೆರೆಗಳಿರುವ ಸೂಕ್ಷ್ಮದರ್ಶಕ ತರಿಸಿದೆ. ನೆಗೆಟಿವ್‌ನ ಎಡ ಅಂಚನ್ನು ಅದರ ಕೆಳಗಿಟ್ಟು ಅಳೆಯುತ್ತಿದ್ದಾಗ ಸೊಸೆ ಒಬ್ಬಳೇ ಬಂದಳು. ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು, ಸೀರೆಗೆ ನೂಲಿನ ತುಣುಕುಗಳು ಅಂಟಿದ್ದವು. ಒಳಗೆ ಬರುವ ಮುನ್ನ ಬಾಗಿಲಲ್ಲೇ ನಿಂತು ಅವನ್ನೆಲ್ಲ ಒಂದೊಂದಾಗಿ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಅತ್ತೆ ಊಟ ಮಾಡುತ್ತಿದ್ದಾರಾ ಎಂದು ಕೇಳಿದೆ. ಬೈಯುತ್ತಾ ಮಾಡುತ್ತಾರೆ ಎಂದಳು. ನಿಮ್ಮನ್ನೂ, ಅಂಚಪ್ಪನವರನ್ನೂ, ಆಗಾಗ ನನ್ನನ್ನೂ.

ಗಾಯ ಎಷ್ಟು ಅಗಲವಿತ್ತೆಂದು ಕೇಳಿದೆ. ಕಾಲರಿನ ಹೊಲಿಗೆಯಷ್ಟು ಎಂದು ಉಗುರಿನಿಂದ ತೋರಿಸಿದಳು, ಸುಮಾರು ಎರಡು ಮಿಲಿಮೀಟರ್. ಗೋಡೆಯ ಮೇಲಿನ ಗೀಟನ್ನು ನಿಜವಾದ ಮುಖದ ಅಳತೆಗೆ ಹಿಗ್ಗಿಸಿದರೆ ಆ ಗಾಯದ ಮೂರು ಪಟ್ಟು ಅಗಲವಾಗುತ್ತದೆ. ಹಾಗಾಗಿ ಗೀಟು ಗಾಯವಲ್ಲ, ಅದರಲ್ಲಿ ಅನುಮಾನವಿಲ್ಲ. ಆದರೆ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಎರಡು ಮಿಲಿಮೀಟರಿನ ನಿಜವಾದ ಗಾಯ ಆ ದೂರದಿಂದ ಫಿಲ್ಮಿನ ಮೇಲೆ ಬೀಳುವಾಗ ಬೆಳ್ಳಿಯ ಕಣಗಳ ಒಂದು ಗುಂಪಿಗಿಂತ ಸಣ್ಣದಾಗಿರುತ್ತದೆ. ಫಿಲ್ಮ್ ಅದನ್ನು ಹಿಡಿಯಲಾರದು. ಇದನ್ನೆಲ್ಲ ಅವಳಿಗೆ ಹೇಳಿದೆ.

“ಅಂದ್ರೆ ಗಾಯ ಇದ್ದಿದ್ರೂ ಕಾಣ್ತಿರ್ಲಿಲ್ಲ,” ಎಂದಳು.

“ಕಾಣ್ತಿರ್ಲಿಲ್ಲ.”

“ಹಾಗಾದ್ರೆ ಅವರೇ ಇರಬಹುದು.”

“ಇರಬಹುದು.”

“ಅಲ್ಲದೇನೂ ಇರಬಹುದು.”

“ಹೌದಮ್ಮಾ.”

ಅವಳು ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಬಹುದೇ ಎಂದು ಕೇಳಿದಳು. ನೋಡಲು ಬಿಟ್ಟೆ. ಅಷ್ಟು ಹತ್ತಿರದಿಂದ ನೋಡಿದರೆ ಮುಖವೂ ಇರುವುದಿಲ್ಲ, ಕಪ್ಪು ಚುಕ್ಕಿಗಳು ಒಂದು ಕಡೆ ದಟ್ಟವಾಗಿ ಒಂದು ಕಡೆ ತೆಳುವಾಗಿ ಚೆಲ್ಲಿರುತ್ತವೆ. ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

“ಅತ್ತೆ ಕೇಳಿದ್ರೆ ಇರಬಹುದು ಅನ್ನೋದಷ್ಟೇ ಹೇಳಿ ಅಣ್ಣಾ,” ಎಂದಳು. “ಇನ್ನೊಂದು ನನಗೆ ಗೊತ್ತಿದ್ರೆ ಸಾಕು.”

ಅವಳು ಹೋದ ಮೇಲೆ ಅಧಿಕಾರಿಗೆ ಬರೆಯಲು ಕುಳಿತೆ. ಹುಬ್ಬಿನ ಗೀಟು ಬಟ್ಟೆಯ ಎಳೆಯ ನೆರಳು ಎಂಬುದು ಮೊದಲ ಸಾಲು. ಅಧಿಕಾರಿ ಅದನ್ನು ಓದಿ ನಾಲ್ಕು ಮನೆಯ ಹೆಸರನ್ನೂ ಕೈಬಿಟ್ಟ. ಮುಂದಿನ ತಿಂಗಳು ವಿನಿಮಯ ನಡೆದಾಗ ನಾಲ್ವರಲ್ಲಿ ಯಾರನ್ನೂ ಯಾರೂ ಕೇಳಲಿಲ್ಲ, ಯಾರೂ ಬರಲೂ ಇಲ್ಲ. ಎರಡನೆಯ ಸಾಲನ್ನು ಅವನು ಓದಿದನೋ ಇಲ್ಲವೋ ತಿಳಿಯದು. ಅದು ಹೀಗಿತ್ತು: ಗಾಯವಿದ್ದರೂ ಇದರಲ್ಲಿ ಕಾಣದು, ನೆಗೆಟಿವ್‌ನಲ್ಲಿ ಆ ಮುಖದ ಅಗಲ 0.36 ಮಿಲಿಮೀಟರ್.